ನೀನೇನಂತೀಯ?

ಆಕ್ಲೆಂಡ್ ಹತ್ತಿರದ ಹ್ಯಾಮಿಲ್ಟನ್ನಿನಲ್ಲಿ ಕೌನ್ಸೆಲಿಂಗ್ ಕಲಿಸುವ ಮೇಷ್ಟ್ರು ನಾನು. ಊರಿಗೆ ಹೋದಾಗ ಈ ಮಾತು ಹೇಳಿದರೆ ನೆಂಟರು "ಓ, ಹುಚ್ಚರ ಡಾಕ್ಟ್ರಾ?" ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಅಲ್ಲ, ಕೌನ್ಸೆಲರ್ ಆಗಬೇಕು ಅನ್ನುವವರಿಗೆ ಪಾಠ ಹೇಳುತ್ತೇನೆ, ಬೇರೆ ಬೇರೆ ದೇಶದ, ಬೇರೆ ಬೇರೆ ರೀತಿ ನೀತಿಯ ಜನ ಎದುರು ಬಂದು ಕೂತಾಗ ಅವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದು ನನ್ನ ವಿಷಯ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಈಗ "ಹೂಂ, ಹಾಗೇ ಅನ್ಕೊಳ್ಳಿ" ಅಂದುಬಿಡುತ್ತೇನೆ. ಕಾಫಿ ಆರಿಹೋಗುತ್ತದೆ, ಯಾರಿಗೆ ಬೇಕು.

ಹೋದ ವರ್ಷ ನಮ್ಮ ಮನೆಯವರು ಮೈಸೂರಿಗೆ ವಾಪಸು ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎಂದು ಹೊರಟರು. ನಾನು ಬೇಡ ಅಂದಿದ್ದರೆ ಇರುತ್ತಿದ್ದರು. ಹೋಗಿ ಅಂದಿದ್ದರೆ ನೆಮ್ಮದಿಯಾಗಿ ಹೋಗುತ್ತಿದ್ದರು. ಎರಡರಲ್ಲಿ ಒಂದನ್ನು ಹೇಳು ಎಂದು ಬಾಯಿಬಿಟ್ಟು ಕೇಳಿದರು, ಒಂದು ಸಲವಲ್ಲ. ಮಾತಾಡುವುದೇ ಕಸುಬಾದ ನನ್ನ ಬಾಯಿಂದ ಅದೊಂದು ಹೊರಡಲಿಲ್ಲ.

ನಾನು ಮೈಸೂರಿನಲ್ಲಿ ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಮದುವೆಯಾಗಿ, ಸಿವಿಲ್ ಎಂಜಿನಿಯರ್ ಗಂಡನ ಜೊತೆ ಇಲ್ಲಿಗೆ ಬಂದವಳು. ಇವರಿಗೆ ಬೇಗ ಕೆಲಸ ಸಿಕ್ಕಿತು, ನೀರಿನ ಕೊಳವೆ, ಒಳಚರಂಡಿ ಎಂದು ಊರೆಲ್ಲ ಅಗೆಸುವ ಕೆಲಸ. ನನ್ನ ಎಂ.ಎ.ಯನ್ನು ಯಾರೂ ಮೂಸಿ ನೋಡಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಂದು ಮತ್ತೆ ಓದಲು ಕೂತೆ. ಆಗ ನಮಗೆ ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕೂರಿಸಿ, ಆಚೆ ನಡೆಯುವ ಮಾತುಕತೆಯನ್ನು ನೋಡಿಸುತ್ತಿದ್ದರು. ಮಾತಾಡಲು ಬಂದವರಿಗೆ ನಾವು ಅಲ್ಲಿದ್ದೇವೆ ಎಂದು ಮೊದಲೇ ಹೇಳಿ ಒಪ್ಪಿಸಿರುತ್ತಿದ್ದರು.

ಒಂದು ದಿನ ನಮ್ಮ ಕಡೆಯವರೊಬ್ಬರು ಬಂದರು. ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ, ಕಸುಬಿನ ಅಭ್ಯಾಸ. ಡೇರಿ ನಡೆಸುತ್ತಿದ್ದರು, ಅಂದರೆ ಹಾಲು, ಬ್ರೆಡ್ಡು, ಲಾಲಿಪಾಪು ಮಾರುವ ಬೀದಿ ಮೂಲೆಯ ಅಂಗಡಿ. ಮಗ ಮನೆಬಿಟ್ಟು ಹೋಗಿದ್ದ. ಎಲ್ಲ ಹೇಳಿಕೊಂಡ ಮೇಲೆ ಕೌನ್ಸೆಲರ್ ಹುಡುಗಿಯನ್ನು ಕೇಳಿದರು: "ನೀವು ಓದಿದವರು, ನೀವೇ ಹೇಳಿ. ಅವನನ್ನು ಹೋಗಿ ಕರೀಬೇಕಾ, ಬೇಡವಾ?" ಆ ಹುಡುಗಿ ಮುಂದಕ್ಕೆ ಬಾಗಿ, ತುಂಬ ಮೃದುವಾಗಿ, "ನಿಮಗೇನು ಮಾಡಬೇಕು ಅನ್ನಿಸುತ್ತಿದೆ?" ಅಂದಳು. ಅವರು ಕೈ ಮುಗಿದು, ಥ್ಯಾಂಕ್ಯೂ ಹೇಳಿ ಎದ್ದು ಹೋದರು. ಮತ್ತೆ ಬರಲಿಲ್ಲ.

ನಮ್ಮ ಮೇಲ್ವಿಚಾರಕರು ಗಾಜಿನ ಈಚೆ ಸಂತೋಷಪಟ್ಟರು. ನೋಡಿ, ನಿರ್ಧಾರವನ್ನು ಅವರ ಕೈಗೇ ಎಷ್ಟು ಚೆನ್ನಾಗಿ ಕೊಟ್ಟಳು ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಕೈಗೆ ಕೊಡಲಿಲ್ಲ, ಕೈ ಬಿಟ್ಟಳು!" ಎಂದು ಎಲ್ಲರೆದುರು ಕೂಗಿಬಿಟ್ಟೆ. ಹೊಸದಾಗಿ ಸೇರಿದ ವಲಸೆಯವಳು, ಬಾಯಿ ಮುಚ್ಚಿಕೊಂಡು ಕೂರಬೇಕಾದವಳು. ಕಿವಿ ಬಿಸಿಯಾಗಿತ್ತು. ಆ ಸಿಟ್ಟಿನಿಂದಲೇ ನನ್ನ ಪಿಎಚ್.ಡಿ. ಆಯಿತು, ಅದರಿಂದ ಕೆಲಸವೂ ಸಿಕ್ಕಿತು.

ಅಲ್ಲಿಂದ ಮುಂದೆ ನಾನು ಬರೆದದ್ದು, ಭಾಷಣ ಮಾಡಿದ್ದು, ಪಾಠ ಹೇಳಿದ್ದು ಎಲ್ಲ ಅದೇ ಒಂದು ಮಾತು. ಕೆಲವರು ಪ್ರಶ್ನೆ ಕೇಳಿದಾಗ ಅದನ್ನು ಹಾಗೇ ತಿರುಗಿಸಿ ಅವರ ಕಡೆಗೇ ಕೊಡಬೇಡಿ. ಮೊದಲು ನಿಮಗೆ ಅನ್ನಿಸಿದ್ದನ್ನು ಹೇಳಿ. ತಪ್ಪಾದರೂ ಪರವಾಗಿಲ್ಲ, ಅವರು ನಿಮ್ಮ ಮಾತಿನಂತೆ ನಡೆಯದಿದ್ದರೂ ಪರವಾಗಿಲ್ಲ. ಕೇಳಿದವರ ಪಕ್ಕಕ್ಕೆ ಹೋಗಿ ನಿಂತ ಹಾಗಾಗುತ್ತದೆ. ಇದನ್ನು ನಾನು ಆಕ್ಲೆಂಡಿನಲ್ಲಿ ಹೇಳಿದ್ದೇನೆ, ವೆಲಿಂಗ್ಟನ್ನಿನಲ್ಲಿ ಹೇಳಿದ್ದೇನೆ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನದ ಸಹೋದ್ಯೋಗಿಯೊಬ್ಬರು, ನನಗಿಂತ ಹಿರಿಯರು, ನನ್ನ ಮೊದಲ ಭಾಷಣ ಮುಗಿದ ಮೇಲೆ ಬಂದು, "ಇದನ್ನು ಹೇಳೋಕೆ ನಿನಗೆ ಇಷ್ಟೊಂದು ಪುಸ್ತಕ ಬೇಕಾಯಿತಾ? ನಮ್ಮ ಮನೆಗೆ ಬಂದಿದ್ದರೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು" ಎಂದು ಬೆನ್ನು ತಟ್ಟಿದ್ದರು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಆಗೆಲ್ಲ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಅದು ಯಾವಾಗ ನಿಂತಿತೋ ನನಗೆ ತಿಳಿಯದು. ಇಂಥ ದಿನ ಎಂದು ತೋರಿಸಲಾರೆ. ವಿದ್ಯಾರ್ಥಿಗಳು ತಮ್ಮ ಮಾತುಕತೆಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಾನು ಕೇಳಿ ಅಂಕ ಕೊಡಬೇಕು. ಒಂದರಲ್ಲಿ ಒಬ್ಬ ತಾಯಿ ತೀರಿಹೋದ ಮಗುವಿನ ಬಗ್ಗೆ ಅಳುತ್ತಿದ್ದಳು. ನಾನು ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ, "ಮೌನವನ್ನು ಚೆನ್ನಾಗಿ ಬಳಸಿದ್ದೀರಿ" ಎಂದು ಟೈಪ್ ಮಾಡಿದೆ. ಆಮೇಲೆ ಇನ್ನೊಂದು ಬಿಸ್ಕತ್ತು ತೆಗೆದೆ. ನಮ್ಮ ಬೆಕ್ಕು ಸತ್ತಾಗ ಇವರು ಹಿತ್ತಲಲ್ಲಿ ಗುಂಡಿ ತೋಡಿ, ಮಣ್ಣು ಮುಚ್ಚಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತರು. ನಾನು ಸಲಿಕೆ ತೊಳೆದು ಗ್ಯಾರೇಜಿನಲ್ಲಿ ಇಟ್ಟೆ. ನನ್ನ ಪಾಠವನ್ನು ಮುಂದಿನ ವರ್ಷ ಇನ್ನೊಂದರ ಜೊತೆ ಸೇರಿಸಿ ಅರ್ಧ ಮಾಡುತ್ತೇವೆ ಅಂದಾಗ, ಸಭೆಯಲ್ಲಿ ಎಲ್ಲರೂ ನಾನು ಜಗಳಕ್ಕೆ ನಿಲ್ಲುತ್ತೇನೆ ಎಂದು ನನ್ನ ಮುಖವನ್ನೇ ನೋಡಿದರು. ನಾನು "ಆಲ್ ಗುಡ್" ಅಂದೆ.

ದುಃಖವೇ ಆಗಿದ್ದರೆ ನನಗೆ ಗುರುತು ಸಿಗುತ್ತಿತ್ತು, ಅದನ್ನೇ ಅಲ್ಲವೇ ಕಲಿಸುವುದು. ಇದು ಹಾಗಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಮುಟ್ಟಿದ್ದು ಗೊತ್ತು, ಕೆನ್ನೆ ಮಾತ್ರ ನಮ್ಮದಲ್ಲ. ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಮಾಡಿ, ಥೈರಾಯ್ಡ್ ಸರಿಯಿದೆ, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂದರು. ಬೇರೆಯವರ ಮನಸ್ಸು ನೋಡಿ ನೋಡಿ ಕೌನ್ಸೆಲರುಗಳು ಬತ್ತಿಹೋಗುತ್ತಾರೆ ಎನ್ನುವುದರ ಮೇಲೆ ಪ್ರತಿ ವರ್ಷ ನಾನೇ ಒಂದು ಪಾಠ ಮಾಡುತ್ತೇನೆ. ಆ ವರ್ಷವೂ ಮಾಡಿದೆ. ಲಕ್ಷಣಗಳನ್ನೆಲ್ಲ ಓದಿ ಹೇಳಿ, ಪ್ರಶ್ನೆಗಳಿವೆಯಾ ಎಂದು ಕೇಳಿ, ಲ್ಯಾಪ್‌ಟಾಪ್ ಮುಚ್ಚಿಕೊಂಡು ಮನೆಗೆ ಬಂದೆ. ಇವರಿಗೆ ಹೇಳಲಿಲ್ಲ. ಹೇಳಲು ಏನಿದೆ, ಏನೂ ಆಗುತ್ತಿಲ್ಲ ಅಂತಲೇ ಹೇಳುವುದು?

ಇವರು ಆ ಹೊತ್ತಿಗೆ ರಿಟೈರ್ ಆಗಿದ್ದರು. ಮೊದಲು ಉತ್ಸಾಹದಲ್ಲಿ ಹಿತ್ತಲಲ್ಲಿ ಹುರುಳಿಕಾಯಿ ಹಾಕಿದರು, ಬೇಲಿಗೆ ಬಣ್ಣ ಬಳಿದರು, ಕನ್ನಡ ಕೂಟದ ಗಣೇಶನಿಗೆ ಮಂಟಪ ಕಟ್ಟಿಕೊಟ್ಟರು. ಆಮೇಲೆ ಬೇಲಿ ಮುಗಿಯಿತು. ಈ ಊರಲ್ಲಿ ಎಲ್ಲಿಗೆ ಹೋಗಬೇಕೆಂದರೂ ಕಾರು ತೆಗೆಯಬೇಕು. ನಮ್ಮ ರಸ್ತೆಯಲ್ಲಿ ನಡೆದುಹೋದರೆ ನಾಯಿ ಕರೆದುಕೊಂಡು ಬರುವವರೊಬ್ಬರು ಸಿಕ್ಕರೆ ಪುಣ್ಯ, ಅವರು "ನೈಸ್ ಡೇ" ಅಂದರೆ ಅಂದಿನ ಮಾತು ಮುಗಿಯಿತು. ನಾನು ಕೆಲಸದಿಂದ ಬರುವ ಹೊತ್ತಿಗೆ ಇವರು ಕಿಟಕಿ ಹತ್ತಿರ ಕೂತಿರುತ್ತಿದ್ದರು. ಕಾರಿನ ಸದ್ದು ಕೇಳಿದ ತಕ್ಷಣ ಎದ್ದು ಕುಕ್ಕರ್ ಇಡುತ್ತಿದ್ದರು, ಮೊದಲಿಂದಲೂ ಏನೋ ಕೆಲಸದಲ್ಲಿದ್ದವರ ಹಾಗೆ.

ಆಮೇಲೆ ಅಣ್ಣನ ಮಗನ ಮದುವೆಗೆಂದು ಒಬ್ಬರೇ ಮೈಸೂರಿಗೆ ಹೋಗಿಬಂದರು. ಬಂದವರ ಮುಖದಲ್ಲಿ ಬಣ್ಣ ಬಂದಿತ್ತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಕಾಲೇಜಿನ ಗೆಳೆಯರ ಜೊತೆ ವಾಕಿಂಗಂತೆ, ಆಮೇಲೆ ಎಲ್ಲರೂ ಹೋಟೆಲಿಗೆ ನುಗ್ಗಿ ಇಡ್ಲಿಯಂತೆ, ಒಬ್ಬನಿಗೆ ಸಕ್ಕರೆ ಕಾಯಿಲೆ, ಅವನು ಕದ್ದು ಕೇಸರಿಭಾತ್ ತಿನ್ನುತ್ತಾನಂತೆ. ಒಂದು ವಾರ ಇದೇ ಮಾತು. ಒಂದು ಸಂಜೆ ನಾನು ಸಿಲ್ವರ್‌ಬೀಟ್ ಹೆಚ್ಚುತ್ತಿದ್ದೆ, ಇಲ್ಲಿ ಸೊಪ್ಪಿನ ಹುಳಿಗೆ ಅದೇ ಗತಿ. ಇವರು ಬಂದು ಬಾಗಿಲಿಗೆ ಒರಗಿ ನಿಂತರು.

"ಅಣ್ಣನ ಮನೆ ಮಹಡಿ ಖಾಲಿ ಇದೆಯಂತೆ. ಬಾಡಿಗೆಗೆ ಕೊಡಲ್ಲ ಅಂತಾನೆ. ನಾನು ಹೋಗಿ ಅಲ್ಲೇ ಇದ್ದುಬಿಡೋಣ ಅಂತ ಯೋಚ್ನೆ ಮಾಡ್ತಿದ್ದೀನಿ ಕಣೆ. ನೀನು ರಿಟೈರ್ ಆದ್ಮೇಲೆ ಬರ್ಬಹುದು. ಬೇಡ ಅಂದ್ಯಾ, ಬಿಟ್ಟಾಕು, ಇಲ್ಲೇ ಇರ್ತೀನಿ. ನೀನೇನಂತೀಯ?"

ಮೂವತ್ತು ವರ್ಷಕ್ಕೂ ಮೀರಿ ಜೊತೆಗಿದ್ದ ಗಂಡ. ಸೋಫಾ ಕೊಳ್ಳುವಾಗಲೂ ಹೀಗೇ ಕೇಳುವವರು, ಮಗಳ ಮದುವೆಯ ಊಟಕ್ಕೆ ಚಿರೋಟಿಯೋ ಹೋಳಿಗೆಯೋ ಎನ್ನುವಾಗಲೂ ಹೀಗೇ ಕೇಳಿದವರು. ಆಗೆಲ್ಲ ನಾನು ಪಟ್ ಎಂದು ಹೇಳುತ್ತಿದ್ದೆ. ಅಂದು ಒಳಗೆ ಕೈಹಾಕಿ ನೋಡಿದೆ, ಏನೂ ಸಿಗಲಿಲ್ಲ. ಬೇಡವೂ ಇರಲಿಲ್ಲ, ಹೋಗಿಯೂ ಇರಲಿಲ್ಲ. ಖಾಲಿ ಕೈಯಲ್ಲಿ ನಿಲ್ಲಲು ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿದೆ. ಬಾಯಿಗೆ ಬಂದದ್ದು ಕಸುಬಿನ ಮಾತು.

"ಅಲ್ಲಿಗೆ ಹೋಗ್ಬಂದ್ಮೇಲೆ ಇಲ್ಲಿ ಖಾಲಿ ಖಾಲಿ ಅನ್ನಿಸ್ತಿದೆ ನಿಮಗೆ, ಅಲ್ವಾ?"

"ಹೂಂ, ಅನ್ನಿಸ್ತಿದೆ. ಅದಕ್ಕೇ ಕೇಳಿದ್ದು. ನೀನೇನಂತೀಯ?"

"ನಿಮಗೆ ಯಾವುದು ಮುಖ್ಯ ಅನ್ನೋದನ್ನ ನೀವೇ ನೋಡ್ಕೋಬೇಕು ರೀ."

ಇವರು ತಟ್ಟೆ ಹಾಕಲು ಹೋದರು.

ಅಲ್ಲಿಗೆ ಬಿಡಲಿಲ್ಲ. ಬಟ್ಟೆ ಒಣಹಾಕುವಾಗ ಕೇಳಿದರು. ಈ ಊರಿನ ಕೆರೆಯ ಸುತ್ತ ನಡೆಯುವಾಗ, ಬಾತುಕೋಳಿಗಳಿಗೆ ದಾರಿಬಿಟ್ಟು ನಿಂತು, ಕೇಳಿದರು. ಬೇಳೆ, ಅಕ್ಕಿ ತರಲು ಆಕ್ಲೆಂಡಿಗೆ ಹೋಗುವಾಗ ಕಾರಿನಲ್ಲಿ ಕೇಳಿದರು, ರಸ್ತೆ ನೋಡಿಕೊಂಡು, ನನ್ನ ಕಡೆ ತಿರುಗದೆ. ಪ್ರತಿ ಸಲವೂ ನಾನು ಅವರ ಮಾತನ್ನೇ ಮಡಿಸಿ, ಅಂಚು ಸರಿಮಾಡಿ, ಅವರ ಕೈಗೇ ಕೊಟ್ಟೆ. ಹೋದರೆ ಏನು ಕಳೆದುಕೊಳ್ಳುತ್ತೀರಿ ಅನ್ನಿಸುತ್ತದೆ? ಇದ್ದರೆ ಒಂದು ವರ್ಷದ ನಂತರ ನಿಮ್ಮ ದಿನ ಹೇಗಿರಬಹುದು? ಒಂದು ಸಲವಂತೂ, ದೇವರೇ, "ನಿಮ್ಮ ಈ ಎರಡು ಮನಸ್ಸಿನ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ" ಅಂದೆ. ಇವರು ಅಂಗಡಿಯ ಮುಂದೆ ಹಿಟ್ಟಿನ ಮೂಟೆಯನ್ನು ಡಿಕ್ಕಿಯಲ್ಲಿ ಇಡುತ್ತಿದ್ದವರು ಧಡ್ ಎಂದು ಕೆಳಗೆ ಹಾಕಿದರು.

"ನಾನು ನಿನ್ನ ಕ್ಲೈಂಟ್ ಅಲ್ಲ ಕಣೆ, ಗಂಡ! ಗಂಡ!"

ಪಕ್ಕದ ಕಾರಿನವರು ನಮ್ಮವರೇ, ಇಣುಕಿ ನೋಡಿದರು. ನನಗೆ ಅವಮಾನವಾಗಬೇಕಿತ್ತು. ಮೂಟೆ ಹರಿದಿದೆಯೋ ಎಂದು ನೋಡಿದೆ, ಹರಿದಿರಲಿಲ್ಲ.

ಮಗಳು ವೆಲಿಂಗ್ಟನ್ ಹತ್ತಿರದ ಪೊರಿರುವಾದಲ್ಲಿದ್ದಾಳೆ, ಫಿಸಿಯೋಥೆರಪಿಸ್ಟ್. ಅಪ್ಪ ಅವಳಿಗೆ ಫೋನ್ ಮಾಡಿ ಹೇಳಿಕೊಂಡಿದ್ದರು. ಅವಳು ನನಗೆ ಫೋನ್ ಮಾಡಿದಳು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮಾ, ಜಸ್ಟ್ ಟೆಲ್ ಹಿಮ್ ಟು ಸ್ಟೇ!"

"ಅವರ ಜೀವನ ಕಣೆ, ಅವರ ನಿರ್ಧಾರ. ನಾನು ಹೇಗೆ ಹೇಳ್ಲಿ?"

"ಯೂ ಡಿಡ್ ದಿಸ್ ಟು ಮೀ ಟೂ" ಅಂದಳು. ಆಮೇಲೆ, ನನಗೆ ಚೆನ್ನಾಗಿ ಅರ್ಥವಾಗಲಿ ಎಂದೋ ಏನೋ, ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು: "ಅಪ್ಪ ಅಳ್ತಾ ಇದ್ರು ಅಮ್ಮ. ಫೋನ್‌ನಲ್ಲಿ." ಅವಳು ಕನ್ನಡದಲ್ಲಿ ಪೂರ್ತಿ ವಾಕ್ಯ ಆಡಿದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ನಾನು, "ಅದು ನಿನಗೆ ತುಂಬಾ ಕಷ್ಟ ಆಗಿರ್ಬೇಕು" ಅಂದೆ. ಅವಳು ಫೋನ್ ಇಟ್ಟುಬಿಟ್ಟಳು.

ಅದೇ ದಿನಗಳಲ್ಲಿ ತರಗತಿಯಲ್ಲಿ ಒಂದು ಘಟನೆ ನಡೆಯಿತು. ನಮ್ಮಲ್ಲಿ ಅಭ್ಯಾಸಕ್ಕೆಂದು ಒಬ್ಬರು ಕೌನ್ಸೆಲರ್ ಆಗಿ, ಇನ್ನೊಬ್ಬರು ಕ್ಲೈಂಟ್ ಆಗಿ ಕೂರುತ್ತಾರೆ, ಉಳಿದವರು ಸುತ್ತ ಕೂತು ನೋಡುತ್ತಾರೆ. ಕ್ಲೈಂಟ್ ಆಗುವವರು ಯಾವತ್ತೂ ತಮ್ಮ ಮನೆಯಲ್ಲಿ ಈಗ ಉರಿಯುತ್ತಿರುವ ಸಂಗತಿಯನ್ನು ತರಬಾರದು, ಹಳೆಯದನ್ನೋ ಕಟ್ಟಿದ್ದನ್ನೋ ತರಬೇಕು. ಇದು ನಾನೇ ಮಾಡಿದ ನಿಯಮ. ಅಂದು ಮಳೆ, ಚಳಿ, ಯಾರೂ ಮುಂದೆ ಬರಲಿಲ್ಲ. ಸರಿ, ನಾನೇ ಕೂರುತ್ತೇನೆ ಅಂದೆ. ಕೌನ್ಸೆಲರ್ ಆಗಿ ಒಬ್ಬ ಸಮೋವಾದ ಹೆಂಗಸು ಬಂದಳು, ಚರ್ಚಿನ ಪಾದ್ರಿಯ ಹೆಂಡತಿ, ಐದು ಮಕ್ಕಳನ್ನು ಬೆಳೆಸಿ ಆಮೇಲೆ ಓದಲು ಬಂದವಳು. ನಾನು ಒಂದು ಕಥೆ ಕಟ್ಟಬೇಕಿತ್ತು. ಕಟ್ಟುವ ಶ್ರಮ ಯಾಕೆ ಎಂದು ಕೈಗೆ ಹತ್ತಿರವಿದ್ದದ್ದನ್ನೇ ತೆಗೆದೆ.

"ನನ್ನ ಗಂಡ ಊರಿಗೆ ವಾಪಸು ಹೋಗುತ್ತೇನೆ ಅನ್ನುತ್ತಿದ್ದಾರೆ. ನಾನೇನು ಹೇಳುತ್ತೇನೆ ಎಂದು ಕೇಳುತ್ತಿದ್ದಾರೆ."

"ನೀವೇನು ಹೇಳಿದಿರಿ?"

"ನಿಮಗೇನು ಬೇಕು ಎಂದು ಅವರನ್ನು ಕೇಳಿದೆ."

"ಅದಕ್ಕೆ ಅವರು?"

"ಮತ್ತೆ ನನ್ನನ್ನೇ ಕೇಳಿದರು."

"ಆಗ?"

"ನಿಮಗೇನು ಬೇಕು ಎಂದು ಮತ್ತೆ ಕೇಳಿದೆ."

ತರಗತಿ ಗೊಳ್ಳೆಂದು ನಕ್ಕಿತು. ವರ್ಷವೆಲ್ಲ ಹಾಗೆ ಮಾಡಬೇಡಿ ಎಂದು ಬಡಿದುಕೊಂಡವಳು ನಾನು. ಹೇಗೆ ಮಾಡಬಾರದು ಎನ್ನುವುದನ್ನು ಅಭಿನಯಿಸಿ ತೋರಿಸುತ್ತಿದ್ದೇನೆ ಎಂದೇ ಎಲ್ಲರೂ ತಿಳಿದರು. ಅವಳು ಮಾತ್ರ ನಗದೆ, "ಅವರು ಹೋದರೆ ನಿಮಗೆ ಹೇಗನ್ನಿಸುತ್ತದೆ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅಷ್ಟು ಹೊತ್ತು ಯಾವ ಕ್ಲೈಂಟೂ ನನ್ನೆದುರು ಹಾಗೆ ಕೂತದ್ದಿಲ್ಲ. ಕೊನೆಗೆ, "ಇಲ್ಲಿಗೆ ನಿಲ್ಲಿಸೋಣ" ಅಂದೆ. ಚಪ್ಪಾಳೆ ಬಿತ್ತು. ಇಂಥ ನಟನೆ ನೋಡಿಲ್ಲ ಎಂದು ಒಬ್ಬ ಹೇಳಿದ.

ಚಹಾದ ಹೊತ್ತಿನಲ್ಲಿ ಅವಳು ನನ್ನ ಹತ್ತಿರ ಬಂದು, "ಅದು ನಟನೆ ಅಲ್ಲ, ಅಲ್ಲವಾ?" ಅಂದಳು. ನಾನು, "ಹಾಗೆ ಯಾಕೆ ಅನ್ನಿಸಿತು ನಿನಗೆ?" ಅಂದೆ. ಥೂ, ನನ್ನ ಬಾಯಿಗಿಷ್ಟು. ಅವಳು ನನ್ನ ಭುಜದ ಮೇಲೆ ಒಮ್ಮೆ ಕೈಯಿಟ್ಟು ಹೋದಳು.

ಅಂದು ಸಂಜೆ ಏನಾದರೂ ಒಂದು ಹೇಳಿಯೇಬಿಡಬೇಕು ಎಂದುಕೊಂಡು ಬಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ: ಹೋಗ್ಬೇಡಿ, ಇಲ್ಲೇ ಇರಿ. ಪರೀಕ್ಷೆಗೆ ಉರುಹೊಡೆದ ಹಾಗೆ. ಒಳಗೆ ಬಂದರೆ ಇವರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರು.

"ಟಿಕೆಟ್ ಮಾಡ್ದೆ" ಅಂದರು. "ಸಿಂಗಾಪುರದ ಮೇಲೆ. ಒನ್ ವೇ."

"ಯಾಕೆ, ಇಷ್ಟು ಬೇಗ?"

"ಬೇಗ ಏನ್ಬಂತು. ನೀನೇ ಅಂದ್ಯಲ್ಲ, ನಂಗೇನು ಬೇಕೋ ನಾನೇ ನೋಡ್ಕೋಬೇಕು ಅಂತ. ನೋಡ್ಕೊಂಡೆ." ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದರು. "ಚಪಾತಿ ಮಾಡಿದ್ದೀನಿ. ಕೈಕಾಲು ತೊಳ್ಕೊಂಡು ಬಾ."

ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿಯಿತು. ಚಪಾತಿ ತಿಂದೆ. ಉಪ್ಪು ಸರಿಯಿತ್ತು ಎಂದು ಕಾಣುತ್ತದೆ.

ಹೋಗುವುದು ಖಚಿತವಾದ ಮೇಲೆ ಕನ್ನಡ ಕೂಟದವರು ಒಂದು ಭಾನುವಾರ ಊಟ ಇಟ್ಟುಕೊಂಡರು. ಪುಳಿಯೋಗರೆ, ಮೊಸರನ್ನ, ಯಾರೋ ಆಕ್ಲೆಂಡಿನ ಬಾಟನಿ ಡೌನ್ಸಿನಿಂದ ತಂದಿದ್ದ ಜಾಮೂನು. ಗಂಡಸರು ಇವರನ್ನು ಸುತ್ತುಗಟ್ಟಿ, ಮೈಸೂರಿನಲ್ಲಿ ಸೈಟಿನ ಬೆಲೆ ಏನು, ಟ್ರಾಫಿಕ್ ಹೇಗೆ ಎಂದು ಕೇಳುತ್ತಿದ್ದರು. ಹೆಂಗಸರು ನನ್ನನ್ನು ಹಿಡಿದುಕೊಂಡರು.

"ಏನ್ರೀ, ಯಜಮಾನ್ರನ್ನ ಓಡಿಸ್ಬಿಟ್ರಾ? ಆರಾಮಾಗಿ ಇರ್ಬಹುದು ಬಿಡಿ, ಸೊಪ್ಪು ಸೋಸೋ ಹಾಗಿಲ್ಲ, ಹುಳಿ ಕುದಿಸೋ ಹಾಗಿಲ್ಲ!"

"ಅಯ್ಯೋ, ಆಂಟಿ ಎಷ್ಟು ಗಟ್ಟಿ ನೋಡ್ರೇ. ನಾನಾಗಿದ್ರೆ ಅತ್ತು ಕರೆದು ರಂಪ ಮಾಡಿ ಪಾಸ್‌ಪೋರ್ಟೇ ಬಚ್ಚಿಡ್ತಿದ್ದೆ" ಎಂದಳು ಒಬ್ಬ ನರ್ಸ್ ಹುಡುಗಿ, ದಾವಣಗೆರೆಯವಳು.

"ಅವ್ರು ಕೌನ್ಸೆಲರ್ ಅಲ್ವೇನೇ, ಅವ್ರಿಗೆ ಎಲ್ಲಾ ಕಂಟ್ರೋಲ್ ಇರತ್ತೆ" ಎಂದರು ಇನ್ನೊಬ್ಬರು.

ನಾನೂ ನಕ್ಕೆ. ನಗುವಾಗ ಕೆನ್ನೆ ಎಲ್ಲಿ ಎತ್ತಬೇಕು ಎನ್ನುವುದು ಮರೆತಿರಲಿಲ್ಲ. ಆ ಹುಡುಗಿಯನ್ನು ನೋಡಿ ಹೊಟ್ಟೆಕಿಚ್ಚಾಯಿತು ಎಂದು ಬರೆಯಬೇಕು ಅನ್ನಿಸುತ್ತದೆ, ಆದರೆ ಅದೂ ಆಗಲಿಲ್ಲ. ಅತ್ತು ಕರೆದು ರಂಪ ಮಾಡುವುದು ಎಷ್ಟು ಸುಲಭದ ಕೆಲಸ, ಇವಳಿಗೆ ಬರುತ್ತದೆ, ನನಗೆ ಬರುವುದಿಲ್ಲ ಎಂದುಕೊಂಡು ಎರಡನೆಯ ಜಾಮೂನು ಹಾಕಿಸಿಕೊಂಡೆ.

ಸಾಮಾನು ಕಟ್ಟುವಾಗ ಇವರು ನಮ್ಮ ಹಳೆಯ ಪಯಣವನ್ನೇ ತಿರುವುಮುರುವು ಮಾಡಿದರು. ಬರುವಾಗ ಮೆಂತ್ಯದ ಹಿಟ್ಟು, ಉಪ್ಪಿನಕಾಯಿ, ಇಡ್ಲಿ ತಟ್ಟೆ ತಂದಿದ್ದೆವು. ಈಗ ಗೆಳೆಯರಿಗೆ ಮನೂಕಾ ಜೇನು, ಅತ್ತಿಗೆಗೆ ಉಣ್ಣೆಯ ಕಾಲುಚೀಲ, ಮಕ್ಕಳಿಗೆ ಚಾಕೊಲೇಟು. ಸೂಟ್‌ಕೇಸನ್ನು ಎತ್ತಿಕೊಂಡು ಬಚ್ಚಲಿನ ತೂಕದ ಯಂತ್ರದ ಮೇಲೆ ತಾವೇ ನಿಂತು, ಭಾರ ಎಷ್ಟೆಂದು ಓದು ಅಂದರು. ಅವರ ತೂಕ ಕಳೆದು ಲೆಕ್ಕ ಹೇಳಿದೆ. ಸ್ವೆಟರುಗಳನ್ನೆಲ್ಲ ಇಲ್ಲೇ ಬಿಟ್ಟರು, ಮೈಸೂರಿಗೆ ಯಾಕೆ ಎಂದು. ಆ ದಿನಗಳಲ್ಲಿ ಅವರು ನನ್ನನ್ನು ಕೇಳಿದ್ದೆಲ್ಲ ಇಂಥವೇ. ಕತ್ತರಿ ಎಲ್ಲಿ, ಚಾರ್ಜರ್ ಎಲ್ಲಿ, ಗ್ಯಾಸಿನವನ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಲಾ. ಆ ಇನ್ನೊಂದನ್ನು ಕೇಳುವುದು ನಿಂತುಹೋಗಿತ್ತು. ನನಗೆ ಅದು ಗೊತ್ತಾಯಿತು, ಹಗುರವೂ ಆಯಿತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಹೊರಟದ್ದು ಬೆಳಗ್ಗೆ. ಮಗಳು ಆಕ್ಲೆಂಡ್ ವಿಮಾನ ನಿಲ್ದಾಣಕ್ಕೆ ನೇರವಾಗಿ ಬಂದಿದ್ದಳು. ಅಪ್ಪನನ್ನು ತಬ್ಬಿಕೊಂಡು, ಮೂಗು ಒರೆಸಿಕೊಂಡು, ನಮಗಿಬ್ಬರಿಗೂ ಕಾಫಿ ತರುತ್ತೇನೆ ಎಂದು ಬೇಕೆಂದೇ ದೂರ ಹೋದಳು. ನಾವು ಲಗೇಜು ಕೊಡುವ ಸಾಲಿನಲ್ಲಿ ನಿಂತೆವು. ಮುಂದೆ ಒಂದು ಪಂಜಾಬಿ ಸಂಸಾರ, ಟಿವಿಯ ಪೆಟ್ಟಿಗೆಯನ್ನು ಹಗ್ಗ ಹಾಕಿ ಕಟ್ಟಿಕೊಂಡಿತ್ತು. ಇವರು ಟ್ರಾಲಿಯ ಹಿಡಿಯನ್ನು ಹಿಡಿದು ಅದನ್ನೇ ನೋಡುತ್ತಿದ್ದರು.

ಪಕ್ಕದಿಂದ ಅವರ ಮುಖ ನೋಡಿದೆ. ಕ್ಷೌರ ಮಾಡಿಕೊಳ್ಳುವಾಗ ಕಿವಿಯ ಕೆಳಗೆ ಒಂದಿಷ್ಟು ಬಿಟ್ಟಿದ್ದರು. ಸಾಮಾನ್ಯವಾಗಿ ನಾನು ನೋಡಿ ಹೇಳುತ್ತಿದ್ದೆ, ಅಂದು ಬೆಳಗ್ಗೆ ನಾನು ನೋಡಿರಲಿಲ್ಲ. ಇನ್ನು ಯಾರು ಹೇಳುತ್ತಾರೆ ಎಂದುಕೊಂಡೆ. ಆಗಲಾದರೂ ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದೆ. ಆಗಲಿಲ್ಲ. ಕಾದು ಕಾದು ಸಾಕಾಗಿತ್ತು, ಸುಳ್ಳು ಹೇಳಲೂ ಶಕ್ತಿಯಿರಲಿಲ್ಲ.

"ನೋಡಿ" ಅಂದೆ. "ನಂಗೆ ಏನೂ ಅನ್ನಿಸ್ತಿಲ್ಲ ರೀ. ನೀವು ಹೋಗ್ತಿದ್ದೀರ, ನಂಗೆ ಏನೂ ಅನ್ನಿಸ್ತಿಲ್ಲ. ನಿಮ್ಮ ವಿಷಯಕ್ಕೇ ಅಂತಲ್ಲ. ಯಾವುದಕ್ಕೂ ಅನ್ನಿಸ್ತಿಲ್ಲ. ಬೆಕ್ಕು ಸತ್ತಾಗ್ಲೂ ಅನ್ನಿಸ್ಲಿಲ್ಲ."

ಇವರು ತಿರುಗಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಯಾವಾಗಿಂದ?"

"ಗೊತ್ತಿಲ್ಲ. ತುಂಬಾ ದಿನ ಆಯ್ತು."

"ಡಾಕ್ಟ್ರಿಗೆ ತೋರಿಸ್ದ್ಯಾ?"

"ತೋರಿಸ್ದೆ. ಏನೂ ಇಲ್ಲ ಅಂದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ನಾನು ಹೋದ್ರೆ ಸಾಕು ಅಂತ ನಿನಗಿದೆ, ಬಾಯಿಬಿಟ್ಟು ಹೇಳೋಕೆ ಸಂಕೋಚ, ಅದಕ್ಕೇ ಸುತ್ತಿಬಳಸಿ ಮಾತಾಡ್ತೀಯ ಅಂತ ನಾನು..." ಅಲ್ಲಿಗೆ ನಿಲ್ಲಿಸಿದರು. "ಇದನ್ನ ಹೇಳೋಕೇನಾಗಿತ್ತು ನಿಂಗೆ?"

"ನೀವು ಇದನ್ನ ಕೇಳ್ಲಿಲ್ವಲ್ಲ."

"ಕೇಳ್ಲಿಲ್ವಾ?" ಇವರ ದನಿ ಏರಿತು, ಮುಂದಿದ್ದ ಪಂಜಾಬಿ ಅಜ್ಜಿ ತಿರುಗಿ ನೋಡಿದರು. "ದಿನಾ ಇದನ್ನೇ ಅಲ್ವೇನೇ ನಾನು ಕೇಳ್ತಿದ್ದಿದ್ದು?"

ಟಿವಿಯ ಪೆಟ್ಟಿಗೆ ಮುಂದೆ ಹೋಯಿತು. ಕೌಂಟರಿನ ಹುಡುಗಿ ನಮ್ಮತ್ತ ಕೈಮಾಡಿದಳು. ಇವರು ಒಂದು ಗಳಿಗೆ ಟ್ರಾಲಿಯನ್ನು ತಳ್ಳದೆ ನಿಂತರು. ನಾನು ಏನಾದರೂ ಹೇಳುತ್ತೇನೆ ಎಂದು ನಿಂತರು, ಅದು ನನಗೆ ಅರ್ಥವಾಯಿತು. ಹಿಂದಿನವರು ಎಕ್ಸ್‌ಕ್ಯೂಸ್ ಮೀ ಅಂದರು. ಇವರು ತಳ್ಳಿಕೊಂಡು ಹೋದರು.

ಈಗ ಅವರು ಮೈಸೂರಿನಲ್ಲಿದ್ದಾರೆ. ಅಲ್ಲಿ ಬೆಳಗಾಗಿ ವಾಕಿಂಗ್ ಮುಗಿಸಿದ ಮೇಲೆ ಫೋನ್ ಮಾಡುತ್ತಾರೆ. ನಾನು ಎರಡು ತರಗತಿಗಳ ನಡುವೆ ಕಾರಿನಲ್ಲಿ ಕೂತು ಮಾತಾಡುತ್ತೇನೆ. ಎಲ್ಲ ಹೇಳುತ್ತಾರೆ. ಮಹಡಿಗೆ ಸುಣ್ಣ ಬಳಿಸಿದ್ದು, ಸಕ್ಕರೆ ಕಾಯಿಲೆಯವನು ಸಿಕ್ಕಿಬಿದ್ದದ್ದು, ಬಾಗಿಲು ಕಾಯುವ ಬೀದಿನಾಯಿಗೆ ಬಿಸ್ಕತ್ತು ಹಾಕಿದ್ದು. ಹುಷಾರಾಗಿರು, ಹೊತ್ತು ಹೊತ್ತಿಗೆ ತಿನ್ನು ಅನ್ನುತ್ತಾರೆ. ಈಗ ಅವರು ನೀನೇನಂತೀಯ ಎಂದು ಕೇಳಿದರೆ ನಾನು ಹೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ, ಇಲ್ಲದಿದ್ದರೆ ಇಲ್ಲ ಎಂದು. ಪ್ರತಿ ದಿನ ಆ ಕಾರಿನಲ್ಲಿ ಅದಕ್ಕೇ ಕಾದು ಕೂತಿರುತ್ತೇನೆ. ಅವರು ಕೇಳುವುದಿಲ್ಲ.